ಮಕ್ರಾನ್ ಸುನಾಮಿ (1945)

ಅರಬ್ಬೀ ಸಮುದ್ರದಲ್ಲೇ ಹುಟ್ಟಿದ ಸುನಾಮಿಗಳಲ್ಲಿ ಹೆಚ್ಚು ಹಾನಿ ಮಾಡಿದ್ದು. ಇಂದಿನ ಪಾಕಿಸ್ತಾನ ಮತ್ತು ಇರಾನುಗಳಿಗೆ ಸೇರಿದ ಮಕ್ರಾನ್ ಕರಾವಳಿಯುದ್ದಕ್ಕೂ ಅರೇಬಿಯಾ ಭೂಫಲಕ ಯುರೇಷ್ಯಾ ಫಲಕದ ಅಡಿಗೆ ನುಸುಳುತ್ತಿದೆ. 1945ರ ನವೆಂಬರ್ 28ರ ಬೆಳಗಿನ ಜಾವ ಸುಮಾರು ಮೂರೂವರೆಗೆ, ಬಲೂಚಿಸ್ತಾನದ ಪಸ್ನಿ ಬಳಿ ಕಡಲಡಿಯ ಬಂಡೆ ಜಾರಿ 8.1 ಪ್ರಮಾಣದ ಭೂಕಂಪವಾಯಿತು.

ವಿಚಿತ್ರವೆಂದರೆ ಪಸ್ನಿಯನ್ನು ಕೊಚ್ಚಿಕೊಂಡು ಹೋದ ಅಲೆ ಬಂದದ್ದು ನೆಲ ನಡುಗಿ ಒಂದೂವರೆ, ಎರಡು ಗಂಟೆಗಳಾದ ಮೇಲೆ. ಎದುರಿಗೇ ಇದ್ದ ಊರಿಗೆ ಇಷ್ಟು ತಡವೇಕೆ? ಕಂಪನಕ್ಕೆ ಸಡಿಲಗೊಂಡ ಕಡಲತಳದ ಇಳಿಜಾರು ಕುಸಿದು ಇನ್ನೊಂದು ಅಲೆ ಎಬ್ಬಿಸಿರಬೇಕು ಎಂಬುದು ಒಂದು ವಿವರಣೆ. ಆಗ ಸಮುದ್ರದೊಳಗಿನ ತಂತಿ ಕೇಬಲ್ ತುಂಡಾದದ್ದು ಇದಕ್ಕೆ ಪುಷ್ಟಿ ಕೊಡುತ್ತದೆ. ಆದರೆ ವಾದ ಇನ್ನೂ ಮುಗಿದಿಲ್ಲ.

ಕರಾಚಿ ಬಂದರಿನಲ್ಲಿ ಐದೂವರೆಗೆ ಶುರುವಾದ ನೀರಿನ ಏರಿಳಿತ ಎಂಟೂಕಾಲರ ಹೊತ್ತಿಗೆ ಇನ್ನಷ್ಟು ಜೋರಾಯಿತು. ಮೊದಲ ಅಲೆ ಇಳಿಯಿತೆಂದು ದಡಕ್ಕೆ ಮರಳುವವರಿಗೆ ಇದಕ್ಕಿಂತ ಕೆಟ್ಟ ಕ್ರಮ ಬೇರಿಲ್ಲ. ಸರಿಸುಮಾರು ಅದೇ ವೇಳೆಗೆ, ಅಂದರೆ ಭೂಕಂಪವಾಗಿ ಐದು ಗಂಟೆ ಕಳೆಯುವಷ್ಟರಲ್ಲಿ, ಮುಂಬಯಿಯಲ್ಲೂ ನೀರು ಏರಿತು. ಭೂಕಂಪದ ಸುಳಿವೇ ಇಲ್ಲದಿದ್ದ ವರ್ಸೋವಾ, ಹಾಜಿ ಅಲಿಯಂಥ ಕಡೆ ಜನ ಕೊಚ್ಚಿಹೋದರು. ದಕ್ಷಿಣದಲ್ಲಿ ಕಾರವಾರದವರೆಗೂ ಅಲೆ ಮುಟ್ಟಿತೆಂದು ಅಂದಿನ ವರದಿಗಳು ಹೇಳುತ್ತವೆ. ಪಶ್ಚಿಮ ಕರಾವಳಿಗೆ ಸುನಾಮಿಯ ಭಯವಿಲ್ಲ ಎನ್ನುವವರು ಈ ಒಂದು ಸಾಲನ್ನು ಗಮನಿಸುವುದು ಒಳ್ಳೆಯದು.

ಸತ್ತವರು ನಾಲ್ಕು ಸಾವಿರ ಎಂಬ ಅಂಕಿ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಲೇ ಬಂದಿದೆ. ಹಳೆಯ ದಾಖಲೆಗಳನ್ನು ಮರಳಿ ಕೆದಕಿದವರ ಪ್ರಕಾರ ಸಾವು ಸುಮಾರು 300ರ ಆಸುಪಾಸಿನಲ್ಲಿರಬಹುದು. ಪಸ್ನಿಯ ಕಥೆಯಾದರೋ ಅಂದು ಮಕ್ಕಳಾಗಿದ್ದ ಹಿರಿಯರ ನೆನಪಿನಲ್ಲೇ ಹೆಚ್ಚು ಉಳಿದಿತ್ತು. ಎಪ್ಪತ್ತು ವರ್ಷಗಳಾಗುವ ಹೊತ್ತಿಗೆ ಯುನೆಸ್ಕೋ ಅದನ್ನು ಬರೆಸಿಕೊಂಡಿತು.

ಅಲೆಯಷ್ಟೇ ಅಚ್ಚರಿ ಹುಟ್ಟಿಸಿದ್ದು ಆ ದಿನ ತೀರದಾಚೆ ತಲೆಯೆತ್ತಿದ ಕೆಸರಿನ ನಡುಗಡ್ಡೆಗಳು. ನೆಲದೊಳಗಿನ ಅನಿಲ ಕೆಸರನ್ನು ಹೊತ್ತು ಮೇಲೆ ಚಿಮ್ಮಿ, ಹೊತ್ತಿಕೊಂಡು ಉರಿಯಿತು. ಕೆಸರಿಗೆ ಗಟ್ಟಿತನವೆಲ್ಲಿಯದು, ಸಮುದ್ರ ಕ್ರಮೇಣ ಅವನ್ನು ತೊಳೆದುಹಾಕಿತು. 2013ರ ಸೆಪ್ಟೆಂಬರಿನಲ್ಲಿ ಬಲೂಚಿಸ್ತಾನದ ಒಳನಾಡು ನಡುಗಿದಾಗ ಗ್ವಾದರ್ ಎದುರು ಅಂಥದೇ ಒಂದು ದಿಬ್ಬ ಮೇಲೆದ್ದಿತು. ಕೆಲವೇ ವರ್ಷಗಳಲ್ಲಿ ಅದೂ ನೀರಿನಡಿ ಮರೆಯಾಯಿತು.