ಕಾರ್ಡ್ ಕೈಯಲ್ಲಿದೆ, ಆಸ್ಪತ್ರೆ ಪಟ್ಟಿಯಲ್ಲಿಲ್ಲ: ಕ್ಯಾಶ್‌ಲೆಸ್ ನಿಂತರೆ ನೀವು ಏನು ಮಾಡಬಹುದು?

2025ರ ಆಗಸ್ಟ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಸಂಘಟನೆ ಎಎಚ್‌ಪಿಐ ಉತ್ತರ ಭಾರತದ ತನ್ನ ಸದಸ್ಯರಿಗೆ ಒಂದು ಸೂಚನೆ ಕಳಿಸಿತು. ಸೆಪ್ಟೆಂಬರ್ 1ರಿಂದ ಬಜಾಜ್ ಅಲಿಯಾನ್ಸ್ ಪಾಲಿಸಿದಾರರಿಗೆ ಕ್ಯಾಶ್‌ಲೆಸ್ ಚಿಕಿತ್ಸೆ ಬೇಡ ಎಂಬುದು ಅದರ ಸಾರ. ವರ್ಷಗಳ ಹಿಂದೆ ಒಪ್ಪಿಕೊಂಡ ದರವನ್ನೇ ಕಂಪನಿ ಈಗಲೂ ಕೊಡುತ್ತಿದೆ, ಬಿಲ್‌ಗೆ ಕತ್ತರಿ ಹಾಕುತ್ತಿದೆ ಎಂದು ಆಸ್ಪತ್ರೆಗಳು ದೂರಿದವು. ಮಾತುಕತೆ ನಡೆದು, ಗಡುವಿಗೆ ಮುಂಚೆಯೇ ಸೂಚನೆ ವಾಪಸಾಯಿತು. ಆದರೆ ಅದೇ ತಿಂಗಳು ಮ್ಯಾಕ್ಸ್ ಆಸ್ಪತ್ರೆಗಳಲ್ಲಿ ನಿವಾ ಬೂಪಾ ಗ್ರಾಹಕರಿಗೆ ಕ್ಯಾಶ್‌ಲೆಸ್ ನಿಂತೇ ಹೋಯಿತು.

ಇದು ದೆಹಲಿಯ ಕಥೆ, ನಮಗೇನು ಅನ್ನುವ ಹಾಗಿಲ್ಲ. 2010ರ ಜುಲೈನಲ್ಲಿ ನಾಲ್ಕು ಸರ್ಕಾರಿ ವಿಮಾ ಕಂಪನಿಗಳು ದೆಹಲಿ, ಮುಂಬೈ, ಚೆನ್ನೈ ಜೊತೆ ಬೆಂಗಳೂರಿನಲ್ಲೂ ಹಲವು ದೊಡ್ಡ ಆಸ್ಪತ್ರೆಗಳನ್ನು ಕ್ಯಾಶ್‌ಲೆಸ್ ಪಟ್ಟಿಯಿಂದ ಕೈಬಿಟ್ಟಿದ್ದವು. ಆಗಲೂ ಜಗಳ ದರದ್ದೇ. ಹದಿನೈದು ವರ್ಷ ಕಳೆದರೂ ಜಗಳ ಬಗೆಹರಿದಿಲ್ಲ. ಪ್ರತಿ ಸಲವೂ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಪ್ರೀಮಿಯಂ ಕಟ್ಟಿದ ರೋಗಿ.

ನಾಳೆ ನಿಮ್ಮ ಮನೆಯವರಿಗೆ ಹೀಗಾದರೆ ಏನು ಮಾಡಬೇಕು? ಈ ಬರಹವನ್ನು ಉಳಿಸಿಟ್ಟುಕೊಳ್ಳಿ, ಅಪ್ಪ ಅಮ್ಮನ ಪಾಲಿಸಿ ನೋಡಿಕೊಳ್ಳುವ ಗೆಳೆಯರಿಗೂ ಕಳಿಸಿ.

ನೆಟ್‌ವರ್ಕ್ ಅಂದ್ರೆ ಏನು?

ನಾನು ಎಂಜಿನಿಯರಿಂಗ್ ಓದುವಾಗ ನೆಟ್‌ವರ್ಕ್ ಅಂದರೆ ವೈರು, ರೂಟರು. ವಿಮೆಯ ನೆಟ್‌ವರ್ಕ್ ಅಂದರೆ ಬರೀ ಒಂದು ಕಟ್ಟು ಕರಾರು ಪತ್ರ. ಇಲ್ಲಿ ಎರಡು ಒಪ್ಪಂದಗಳಿವೆ. ಒಂದು ನಿಮ್ಮ ಮತ್ತು ವಿಮಾ ಕಂಪನಿಯ ನಡುವಿನ ಪಾಲಿಸಿ. ಇನ್ನೊಂದು ಕಂಪನಿ ಮತ್ತು ಆಸ್ಪತ್ರೆಯ ನಡುವಿನದು. ಯಾವ ಆಪರೇಷನ್‌ಗೆ ಎಷ್ಟು, ಎಷ್ಟು ದಿನದಲ್ಲಿ ಪಾವತಿ ಎಂಬುದೆಲ್ಲ ಅದರಲ್ಲಿರುತ್ತದೆ. ಈ ಎರಡನೆಯದಕ್ಕೆ ನೀವು ಸಹಿ ಹಾಕಿಲ್ಲ, ಅದನ್ನು ನಿಮಗೆ ಯಾರೂ ತೋರಿಸುವುದೂ ಇಲ್ಲ. ಅದು ಮುರಿದರೆ ಮಾತ್ರ ಪೆಟ್ಟು ನಿಮಗೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಆಸ್ಪತ್ರೆ ನೆಟ್‌ವರ್ಕ್‌ನಿಂದ ಹೊರಹೋದರೆ ನಿಮ್ಮ ವಿಮೆ ರದ್ದಾಗುವುದಿಲ್ಲ. ಸಾಮಾನ್ಯವಾಗಿ ಹೋಗುವುದು ಕ್ಯಾಶ್‌ಲೆಸ್ ಸೌಲಭ್ಯ ಮಾತ್ರ. ದುಡ್ಡು ನೀವು ಮೊದಲು ಕಟ್ಟಿ, ಆಮೇಲೆ ವಾಪಸ್ ಪಡೆಯಬೇಕು, ಅಂದರೆ ರೀಇಂಬರ್ಸ್‌ಮೆಂಟ್. ಬಿಲ್ಲಿಂಗ್ ಕೌಂಟರ್‌ನಲ್ಲಿ "ನಿಮ್ಮ ಇನ್ಶೂರೆನ್ಸ್ ಇಲ್ಲಿ ನಡೆಯಲ್ಲ" ಅಂದರೆ, ಆ ಮಾತಿನ ಅರ್ಥ ಬಹುತೇಕ ಇಷ್ಟೇ.

ಇದಕ್ಕೊಂದು ಅಪವಾದವಿದೆ, ಅದು ದೊಡ್ಡದು. ಕಂಪನಿಗಳು ಇನ್ನೊಂದು ಪಟ್ಟಿಯನ್ನೂ ಇಟ್ಟಿರುತ್ತವೆ: ಹೊರಗಿಟ್ಟ ಆಸ್ಪತ್ರೆಗಳ ಪಟ್ಟಿ. ಪಾಲಿಸಿ ಪುಸ್ತಕದಲ್ಲಿ 'ಎಕ್ಸ್‌ಕ್ಲೂಡೆಡ್ ಪ್ರೊವೈಡರ್ಸ್' ಎಂಬ ಷರತ್ತು ಹುಡುಕಿ. ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹೀಗೆ ಹೆಸರಿಸಿದ ಆಸ್ಪತ್ರೆಗೆ ಸೇರಿದರೆ ರೀಇಂಬರ್ಸ್‌ಮೆಂಟ್ ಕೂಡ ಇಲ್ಲ. ಅಪಘಾತ ಅಥವಾ ಜೀವಕ್ಕೆ ಅಪಾಯ ಇದ್ದಾಗ ಮಾತ್ರ, ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ಖರ್ಚು ಸಿಗುತ್ತದೆ. ಆದ್ದರಿಂದ ಕಂಪನಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಈ ಆಸ್ಪತ್ರೆ ನೆಟ್‌ವರ್ಕ್‌ನಲ್ಲಿ ಇಲ್ಲವೋ, ಹೊರಗಿಟ್ಟ ಪಟ್ಟಿಯಲ್ಲಿ ಇದೆಯೋ?" ಉತ್ತರ ಇಮೇಲ್‌ನಲ್ಲೇ ಬರಲಿ. ಕಾಲ್ ಸೆಂಟರ್‌ನವರ ಬಾಯಿಮಾತು ನಾಳೆ ಸಾಕ್ಷಿಗೆ ಬರುವುದಿಲ್ಲ.

ಆಪರೇಷನ್ ದಿನಾಂಕ ನಿಗದಿಯಾಗಿದ್ದರೆ

ಮೊಣಕಾಲು ಬದಲಿ, ಹೆರಿಗೆ, ಕಣ್ಣಿನ ಪೊರೆ ತರಹದ ಮೊದಲೇ ಗೊತ್ತಿರುವ ಚಿಕಿತ್ಸೆಗಳಲ್ಲಿ ನಿಮ್ಮ ಕೈಯಲ್ಲಿ ಸಮಯ ಇರುತ್ತದೆ.

1. ದಾಖಲಾಗುವ ವಾರದ ಮುಂಚೆ ಮತ್ತು ಹಿಂದಿನ ದಿನ, ಎರಡು ಸಲ ನೆಟ್‌ವರ್ಕ್ ಪಟ್ಟಿ ನೋಡಿ. ಕಂಪನಿಯ ವೆಬ್‌ಸೈಟ್ ಮತ್ತು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್, ಎರಡೂ ಕಡೆ ಕೇಳಿ. ಕೇಳುವಾಗ ಪಾಲಿಸಿಯ ಪೂರ್ತಿ ಹೆಸರು ಹೇಳಿ. ಒಂದೇ ಕಂಪನಿಯ ಎರಡು ಪಾಲಿಸಿಗಳಿಗೆ ಎರಡು ಬೇರೆ ಪಟ್ಟಿ ಇರಬಹುದು.

2. ಪಟ್ಟಿಯಲ್ಲಿ ಇಲ್ಲದಿದ್ದರೆ 'ಕ್ಯಾಶ್‌ಲೆಸ್ ಎವ್ವೆರಿವೇರ್' ಕೇಳಿ. ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲಿ ಶುರು ಮಾಡಿದ ವ್ಯವಸ್ಥೆ ಇದು. ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಪಡೆಯಲು ಇದರಲ್ಲಿ ಅವಕಾಶವಿದೆ. ಮೊದಲೇ ನಿಗದಿಯಾದ ಚಿಕಿತ್ಸೆಯಾದರೆ ಕನಿಷ್ಠ 48 ಗಂಟೆ ಮುಂಚೆ, ತುರ್ತಾದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆದರೆ ಆಸ್ಪತ್ರೆಯೂ ಒಪ್ಪಬೇಕು. ದರದ ಜಗಳ ಮಾಡಿಕೊಂಡೇ ಹೊರಬಂದ ಆಸ್ಪತ್ರೆ ಒಪ್ಪುವುದು ಕಷ್ಟ. ಹಾಗಂತ ಕೇಳದೇ ಬಿಡಬೇಡಿ.

3. ವೈದ್ಯರನ್ನು ಕೇಳಿ. ಎಷ್ಟೋ ವೈದ್ಯರು ಎರಡು ಮೂರು ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಾರೆ. "ಸಾರ್, ಈ ಪಾಲಿಸಿ ನಡೆಯುವ ಬೇರೆ ಆಸ್ಪತ್ರೆಯಲ್ಲಿ ನೀವೇ ಮಾಡ್ತೀರಾ?" ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಈಗಾಗಲೇ ದಾಖಲಾಗಿದ್ದಾಗ ಅಥವಾ ಪ್ರಿ-ಆಥರೈಸೇಷನ್ ಬಂದ ಮೇಲೆ ಪಟ್ಟಿ ಬದಲಾದರೆ, ಆ ಮಂಜೂರಾತಿ ಪತ್ರ ನಿಮ್ಮ ಅಸ್ತ್ರ. ಅದರ ಪ್ರತಿ ಇಟ್ಟುಕೊಳ್ಳಿ, "ನೀವು ಕೊಟ್ಟ ಒಪ್ಪಿಗೆಯ ಆಧಾರದ ಮೇಲೆ ದಾಖಲಾಗಿದ್ದೇವೆ, ಅದನ್ನು ಪಾಲಿಸಿ" ಎಂದು ಕಂಪನಿಗೆ ಬರೆಯಿರಿ. ಕೀಮೋ, ಡಯಾಲಿಸಿಸ್ ತರಹ ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಾದರೆ, ಮಧ್ಯದಲ್ಲಿ ಆಸ್ಪತ್ರೆ ಬದಲಿಸಿದರೆ ಅಪಾಯ ಎಂದು ವೈದ್ಯರಿಂದ ಪತ್ರ ಪಡೆದು ಜೊತೆಗಿಡಿ.

ಗಡಿಯಾರ ನೋಡಿ

ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಕೆಲವು ಅಂಶಗಳು ಎಲ್ಲರಿಗೂ ಬಾಯಿಪಾಠ ಆಗಬೇಕು. ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು. ಡಿಸ್ಚಾರ್ಜ್ ಕೋರಿಕೆ ಆಸ್ಪತ್ರೆಯಿಂದ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದು ಕಂಪನಿಯ ತಲೆಮೇಲೆ. ರೋಗಿ ತೀರಿಕೊಂಡರೆ ಕ್ಲೇಮ್ ತಕ್ಷಣ ಮುಗಿಸಿ, ದೇಹ ಕೂಡಲೇ ಸಿಗುವಂತೆ ಮಾಡಬೇಕು. ಡಿಸ್ಚಾರ್ಜ್ ದಿನ ಸಂಜೆವರೆಗೆ ಕೂರಿಸಿದರೆ, ಈ ಸುತ್ತೋಲೆಯ ಹೆಸರು ಹೇಳಿ ಇಮೇಲ್ ಹಾಕಿ.

ತುರ್ತು ಪರಿಸ್ಥಿತಿಯಲ್ಲಿ ಪಟ್ಟಿ ನೋಡುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಕರ್ನಾಟಕದ ಕೆಪಿಎಂಇ ಕಾಯ್ದೆ ಪ್ರಕಾರ ತುರ್ತು ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಮುಂಗಡ ಹಣಕ್ಕಾಗಿ ಕಾಯಿಸುವಂತಿಲ್ಲ. ಬಿಲ್ ಬಾಕಿ ಇದೆ ಎಂದು ಮೃತದೇಹ ತಡೆಹಿಡಿಯುವಂತೆಯೂ ಇಲ್ಲ. ದೂರು ಕೊಡಲು ಪ್ರತಿ ಜಿಲ್ಲೆಯಲ್ಲೂ ಕುಂದುಕೊರತೆ ಪ್ರಾಧಿಕಾರವಿದೆ.

ದುಡ್ಡು ನೀವೇ ಕಟ್ಟಬೇಕಾಗಿ ಬಂದರೆ

ಸೇರಿದ ತಕ್ಷಣ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಪಡೆಯಿರಿ. ಬಹಳಷ್ಟು ಪಾಲಿಸಿಗಳಲ್ಲಿ ತುರ್ತು ದಾಖಲಾತಿಗೆ 24 ಗಂಟೆ ಗಡುವು ಇರುತ್ತದೆ. ಡಿಸ್ಚಾರ್ಜ್ ಸಮ್ಮರಿ, ಪ್ರತಿ ಐಟಂ ಬಿಡಿಸಿ ಬರೆದ ಬಿಲ್, ಪಾವತಿ ರಸೀದಿ, ಔಷಧದ ಬಿಲ್ ಮತ್ತು ಚೀಟಿ, ಲ್ಯಾಬ್ ವರದಿ, ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕ್ಕರ್, ಅಪಘಾತವಾದರೆ ಎಂಎಲ್‌ಸಿ ಪ್ರತಿ ಎಲ್ಲವನ್ನೂ ತೆಗೆದುಕೊಂಡೇ ಆಸ್ಪತ್ರೆ ಬಿಡಿ. ಕಳಿಸುವ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿ.

ಹಣ ಕಡಿತವಾಗುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಕೋ-ಪೇ: ಕೆಲವು ಪಾಲಿಸಿಗಳಲ್ಲಿ ನೆಟ್‌ವರ್ಕ್ ಹೊರಗೆ ಹೋದರೆ ಬಿಲ್‌ನ ಒಂದು ಪಾಲು ನಿಮ್ಮದೇ. ಎರಡನೆಯದು 'ರೀಸನಬಲ್ ಅಂಡ್ ಕಸ್ಟಮರಿ' ಷರತ್ತು: ಇದೇ ಊರಲ್ಲಿ ಇದೇ ಚಿಕಿತ್ಸೆಗೆ ಇಷ್ಟೇ ಆಗುತ್ತದೆ ಎಂದು ಕಂಪನಿ ಬಿಲ್ ಕತ್ತರಿಸುತ್ತದೆ. ಹಾಗೆ ಮಾಡಿದರೆ ಯಾವ ಆಧಾರದ ಮೇಲೆ ಎಂದು ಲಿಖಿತವಾಗಿ ಕೇಳಿ.

ಮೂರನೆಯದು ಕೋಣೆ ಬಾಡಿಗೆ. ಪಾಲಿಸಿಯ ಮಿತಿ ದಿನಕ್ಕೆ ₹5,000 ಇದ್ದು ನೀವು ₹10,000ದ ಕೋಣೆ ತೆಗೆದುಕೊಂಡಿರಿ ಅನ್ನಿ. ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ ₹2 ಲಕ್ಷವಾದರೆ, ಅದೇ ಅನುಪಾತದಲ್ಲಿ ಸಿಗುವುದು ₹1 ಲಕ್ಷ. ಔಷಧ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚು ಮತ್ತು ಐಸಿಯು ಶುಲ್ಕಕ್ಕೆ ಈ ಅನುಪಾತದ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಪ್ರಶ್ನಿಸಿ. ನೆಟ್‌ವರ್ಕ್ ಹೊರಗೆ ಹೋಗುವಾಗ ಮಿತಿಯೊಳಗಿನ ಕೋಣೆ ಆರಿಸಿಕೊಳ್ಳುವುದೇ ಜಾಣತನ.

ಇತ್ಯರ್ಥ ತಡವಾದರೆ ಬ್ಯಾಂಕ್ ದರಕ್ಕಿಂತ 2% ಹೆಚ್ಚಿನ ಬಡ್ಡಿ ಕೊಡಬೇಕೆಂಬ ನಿಯಮವಿದೆ. ಅದನ್ನೂ ಕೇಳಿ ಪಡೆಯಬೇಕು, ತಾನಾಗೇ ಬರುತ್ತದೆ ಅಂತ ಕಾಯಬೇಡಿ.

ಕಂಪನಿ ಕೊಟ್ಟ ವಿಮೆ ಇದ್ದವರಿಗೆ

ನಮ್ಮಲ್ಲಿ ಬಹಳ ಜನರ ವಿಮೆ ಆಫೀಸಿನದು. ಅಲ್ಲಿ ಪಾಲಿಸಿದಾರ ನಿಮ್ಮ ಕಂಪನಿ, ನೀವಲ್ಲ. ನವೀಕರಣದ ಹೊತ್ತಿಗೆ ಎಚ್‌ಆರ್ ವಿಮಾ ಕಂಪನಿಯನ್ನೋ ಟಿಪಿಎಯನ್ನೋ ಬದಲಿಸಿದರೆ, ಒಂದೇ ರಾತ್ರಿಯಲ್ಲಿ ನಿಮ್ಮ ನೆಟ್‌ವರ್ಕ್ ಪೂರ್ತಿ ಬದಲಾಗಬಹುದು. ನವೀಕರಣದ ತಿಂಗಳು ಯಾವುದು, ಹೊಸ ಪಟ್ಟಿಯಲ್ಲಿ ಊರಿನಲ್ಲಿರುವ ಅಪ್ಪ ಅಮ್ಮನ ಹತ್ತಿರದ ಆಸ್ಪತ್ರೆ ಇದೆಯೇ ಎಂದು ಮುಂಚೆಯೇ ಕೇಳಿ. ಬೆಂಗಳೂರಿನಲ್ಲಿ ನೂರಾರು ಆಸ್ಪತ್ರೆ ಇರುವ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕಿನದು ಒಂದೂ ಇಲ್ಲದಿರಬಹುದು. ಒಬ್ಬರೇ ಕೇಳುವ ಬದಲು ಹತ್ತು ಸಹೋದ್ಯೋಗಿಗಳು ಒಟ್ಟಿಗೆ ಇಮೇಲ್ ಹಾಕಿ. ದೊಡ್ಡ ಗ್ರಾಹಕ ನಿಮ್ಮ ಕಂಪನಿಯಾದ್ದರಿಂದ ಅದರ ಮಾತಿಗೆ ತೂಕ ಇದೆ.

ಕೆಲಸ ಬಿಡುವಾಗ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗಲು ಅವಕಾಶವಿದೆ. ರಾಜೀನಾಮೆ ಕೊಡುವ ಮುಂಚೆ ಇದನ್ನು ವಿಚಾರಿಸಿ.

ಕಂಪನಿಯನ್ನೇ ಬದಲಿಸುವುದು

ನಿಮಗೆ ಬೇಕಾದ ಆಸ್ಪತ್ರೆಗಳೆಲ್ಲ ಒಂದೊಂದಾಗಿ ಹೊರಹೋಗುತ್ತಿದ್ದರೆ ಪೋರ್ಟ್ ಮಾಡಿ. ಹಳೆ ಪಾಲಿಸಿಯಲ್ಲಿ ಕಳೆದ ಕಾಯುವ ಅವಧಿ, ಹಳೆಯ ವಿಮಾ ಮೊತ್ತದವರೆಗೆ, ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ಆದರೆ ಪೋರ್ಟ್ ಸಾಧ್ಯವಿರುವುದು ನವೀಕರಣದ ಸಮಯದಲ್ಲಿ ಮಾತ್ರ, ಮತ್ತು ಹೊಸ ಕಂಪನಿ ಆರೋಗ್ಯ ಸ್ಥಿತಿ ನೋಡಿ ನಿರಾಕರಿಸಬಹುದು. ಹಾಗಾಗಿ ಒಂದೂವರೆ ಎರಡು ತಿಂಗಳು ಮುಂಚೆ ಶುರು ಮಾಡಿ, ಹೊಸದು ಖಚಿತವಾಗುವವರೆಗೆ ಹಳೆಯದನ್ನು ಕೈಬಿಡಬೇಡಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. ಮುಂದೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ದೂರು ಕೊಡುವ ಮೆಟ್ಟಿಲುಗಳು

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್. ಜೊತೆಗೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ದಾಖಲಿಸಿ, ಅಥವಾ 155255ಕ್ಕೆ ಕರೆ ಮಾಡಿ.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ, ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ₹50 ಲಕ್ಷದವರೆಗಿನ ವಿವಾದ ಇಲ್ಲಿ ನಡೆಯುತ್ತದೆ. ಕಂಪನಿಯ ತಿರಸ್ಕಾರ ಬಂದ ಒಂದು ವರ್ಷದೊಳಗೆ ಹೋಗಬೇಕು. ಒಂಬುಡ್ಸ್‌ಮನ್ ತೀರ್ಪನ್ನು 30 ದಿನದಲ್ಲಿ ಜಾರಿ ಮಾಡದ ಕಂಪನಿ ದಿನಕ್ಕೆ ₹5,000ದಂತೆ ನಿಮಗೆ ದಂಡ ಕಟ್ಟಬೇಕು.

ಕೊನೆಯದು ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ಹೋಗಬಹುದು. ನೀವು ಕಟ್ಟಿದ ಪ್ರೀಮಿಯಂ ₹5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ.

ಇನ್ನೊಂದು ಮಾತು. ಖಾಸಗಿ ವಿಮೆ ಕೈಕೊಟ್ಟಾಗ ಸರ್ಕಾರಿ ಯೋಜನೆ ಮರೆಯಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ 30%, ವರ್ಷಕ್ಕೆ ₹1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

ಇಷ್ಟೆಲ್ಲ ರೋಗಿಯೇ ಯಾಕೆ ಮಾಡಬೇಕು?

ಮೇಲಿನದನ್ನೆಲ್ಲ ಓದಿ ನಿಮಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವಾದ ಸಿಟ್ಟು. ವಿಮಾ ಕಂಪನಿಗೆ ಐಆರ್‌ಡಿಎಐ ಎಂಬ ನಿಯಂತ್ರಕ ಇದೆ. ಆದರೆ ಆಸ್ಪತ್ರೆಯ ದರಕ್ಕೆ ಅದರ ಕೈ ತಲುಪುವುದಿಲ್ಲ, ಯಾಕಂದ್ರೆ ಆರೋಗ್ಯ ರಾಜ್ಯದ ವಿಷಯ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಗೆ ಪ್ರಮಾಣಿತ ದರ ನಿಗದಿ ಮಾಡುವ ಬಗ್ಗೆ ಕೇಂದ್ರವನ್ನು ತರಾಟೆಗೆ ತೆಗೆದುಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ತೆಗೆದರು, ಸಂತೋಷ. ಆದರೆ ಪ್ರೀಮಿಯಂ ಅಗ್ಗವಾದ ಮಾತ್ರಕ್ಕೆ ಆಸ್ಪತ್ರೆ ಪಟ್ಟಿಗೆ ವಾಪಸ್ ಬರುವುದಿಲ್ಲ.

ಮಾರುಕಟ್ಟೆಗೇ ಹೆಸರಾದ ಅಮೆರಿಕದಲ್ಲೂ, 2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆ ಪ್ರಕಾರ, ಗಂಭೀರ ಚಿಕಿತ್ಸೆಯ ಮಧ್ಯೆ ಆಸ್ಪತ್ರೆ ನೆಟ್‌ವರ್ಕ್ ಬಿಟ್ಟರೆ ರೋಗಿಗೆ 90 ದಿನಗಳವರೆಗೆ ಹಳೆಯ ಷರತ್ತಿನಲ್ಲೇ ಚಿಕಿತ್ಸೆ ಮುಂದುವರಿಯುತ್ತದೆ. ಅಷ್ಟೇ ಖಚಿತವಾದ ಹಕ್ಕು ನಮಗೂ ಬೇಕು. ಪಟ್ಟಿ ಬದಲಾಗುವ ಮುನ್ನ ಪ್ರತಿ ಪಾಲಿಸಿದಾರರಿಗೂ ಅವರ ಭಾಷೆಯಲ್ಲೇ ನೋಟಿಸ್ ಬರಬೇಕು. ಪಾಲಿಸಿ ವರ್ಷದ ಮಧ್ಯೆ ಪಟ್ಟಿ ಕುಗ್ಗಿದರೆ, ಅವಧಿ ಮುಗಿಯುವವರೆಗೆ ಹಳೆಯ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ನಡೆಯಬೇಕು. ಪ್ರೀಮಿಯಂ ಕಟ್ಟುವಾಗ ತೋರಿಸಿದ ಪಟ್ಟಿ ಜಾಹೀರಾತು ಮಾತ್ರವಲ್ಲ, ಒಂದು ವರ್ಷದ ಭರವಸೆ.

ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರಿಗೆ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ. ಅಲ್ಲಿಯವರೆಗೆ, ಇವತ್ತೇ ನಿಮ್ಮ ಪಾಲಿಸಿಯ ಪಿಡಿಎಫ್ ತೆರೆಯಿರಿ. ಕೋಣೆ ಬಾಡಿಗೆ ಮಿತಿ, ಕೋ-ಪೇ, ಹೊರಗಿಟ್ಟ ಆಸ್ಪತ್ರೆಗಳ ಪಟ್ಟಿ ಮತ್ತು ನವೀಕರಣದ ದಿನಾಂಕ, ಈ ನಾಲ್ಕನ್ನು ಬರೆದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಹತ್ತು ನಿಮಿಷದ ಕೆಲಸ.