ಲೇಸರಿನ ಸ್ಥಿರಸ್ಥಿತಿ: ಒಂದು ಸಿದ್ಧಾಂತದ ಇತಿಹಾಸ

ಗಾಳಿಯಿಲ್ಲದ ಎಡೆಯಲ್ಲಿ ಉರಿಯುವ ದೀಪದ ಕುಡಿ ನಿಶ್ಚಲವಾಗಿ ತೋರಿದರೂ ಎಣ್ಣೆ ಸವೆಯುತ್ತಲೇ ಇರುತ್ತದೆ. ಎಡೆಬಿಡದೆ ಬೆಳಗುವ ಲೇಸರಿನ ಸ್ಥಿರತೆಯೂ ಇಂತಹ ಆಯವ್ಯಯಗಳ ಸಮತೋಲವೇ ಆಗಿದೆ. ಈ ಸಮತೋಲವು ಗಣಿತದ ಹಿಡಿತಕ್ಕೆ ಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ಪ್ರಚೋದಿತ ಉತ್ಸರ್ಜನೆಯ ಕಲ್ಪನೆಯನ್ನು ಐನ್‌ಸ್ಟೈನರು 1917ರಲ್ಲಿಯೇ ಮುಂದಿಟ್ಟಿದ್ದರು. ಕನ್ನಡಿಗಳ ನಡುವೆ ಬೆಳಕು ಪಡೆಯುವ ವರ್ಧನವು ಅದರ ನಷ್ಟವನ್ನು ಮೀರಿದರೆ ಆಂದೋಲನವು ಆರಂಭವಾಗುವುದೆಂದು 1958ರಲ್ಲಿ ಷಾಲೋ ಮತ್ತು ಟೌನ್ಸ್ ತೋರಿಸಿದರು. 1960ರ ಮೇ ತಿಂಗಳಲ್ಲಿ ಮೈಮನರ ಮಾಣಿಕ್ಯದ ಲೇಸರು ಕ್ಷಣಿಕ ಸ್ಪಂದಗಳನ್ನು ಹೊಮ್ಮಿಸಿತು. ಅದೇ ಡಿಸೆಂಬರಿನಲ್ಲಿ ಜವಾನ್, ಬೆನೆಟ್ ಮತ್ತು ಹೆರಿಯಟ್ ಅವರ ಹೀಲಿಯಂ-ನಿಯಾನ್ ಲೇಸರು 1.15 ಮೈಕ್ರೋಮೀಟರ್ ತರಂಗಾಂತರದಲ್ಲಿ ಅವಿಚ್ಛಿನ್ನವಾಗಿ ನಡೆಯಿತು.

ಆಗ ಒಂದು ಪ್ರಶ್ನೆ ಎದುರಾಯಿತು. ಮೇಲೆ ಹೇಳಿದ ನಿಯಮವು ಆಂದೋಲನದ ಆರಂಭವನ್ನು ತಿಳಿಸುತ್ತದೆ. ಅದು ಎಲ್ಲಿಯವರೆಗೆ ಬೆಳೆಯುವುದೆಂಬುದನ್ನು ತಿಳಿಸುವುದಿಲ್ಲ. ವರ್ಧನವು ಬದಲಾಗದಿದ್ದರೆ ಬೆಳಕು ಮಿತಿಯಿಲ್ಲದೆ ಬೆಳೆಯಬೇಕಾಗುತ್ತದೆ. ವಾಸ್ತವದಲ್ಲಿ ಬೆಳೆಯುವ ಬೆಳಕೇ ಉದ್ರಿಕ್ತ ಪರಮಾಣುಗಳನ್ನು ವ್ಯಯಮಾಡಿ ವರ್ಧನವನ್ನು ಕುಗ್ಗಿಸುತ್ತದೆ. ವರ್ಧನವು ನಷ್ಟಕ್ಕೆ ಸಮನಾದಾಗ ಬೆಳವಣಿಗೆ ನಿಲ್ಲುತ್ತದೆ.

ಈ ಸಂತೃಪ್ತತೆಗೆ ತೀವ್ರತೆ, ಆವರ್ತಾಂಕ ಎರಡನ್ನೂ ಒಳಗೊಂಡ ಸಮೀಕರಣಗಳನ್ನು ವಿಲ್ಲಿಸ್ ಲ್ಯಾಂಬ್ 1964ರ ಪ್ರಬಂಧದಲ್ಲಿ ರೂಪಿಸಿದರು. ಜರ್ಮನಿಯಲ್ಲಿ ಹಾಕೆನ್ ಮತ್ತು ಸಂಗಡಿಗರೂ ಅದೇ ಕಾಲದಲ್ಲಿ ಇದೇ ದಿಕ್ಕಿನಲ್ಲಿ ದುಡಿದರು. ಲ್ಯಾಂಬರು ಬೆಳಕನ್ನು ಮ್ಯಾಕ್ಸ್‌ವೆಲ್ಲರ ಕ್ಷೇತ್ರವೆಂದೂ ಪರಮಾಣುಗಳನ್ನು ಕ್ವಾಂಟಂ ನಿಯಮಗಳಿಗೆ ಒಳಪಟ್ಟವೆಂದೂ ಪರಿಗಣಿಸಿದರು. ಕ್ಷೇತ್ರವು ಪರಮಾಣುಗಳನ್ನು ಧ್ರುವೀಕರಿಸುತ್ತದೆ. ಆ ಧ್ರುವೀಕರಣವು ಮರಳಿ ಅದೇ ಕ್ಷೇತ್ರವನ್ನು ಪೋಷಿಸಬೇಕು. ಈ ಸ್ವಸಂಗತಿಯೇ ಸಿದ್ಧಾಂತದ ಬುನಾದಿ. ಹೀಗೆ ದೊರೆತ ಸಮೀಕರಣವು, ರೇಡಿಯೋ ಕವಾಟಗಳ ಆಂದೋಲನಕ್ಕಾಗಿ 1920ರ ದಶಕದಲ್ಲಿ ವಾನ್ ಡೆರ್ ಪೋಲ್ ಬರೆದುದನ್ನು ಹೋಲುತ್ತದೆ.

ಸಿದ್ಧಾಂತದ ಸತ್ತ್ವವು ಒಂದು ಅನಿರೀಕ್ಷಿತ ಫಲದಿಂದ ಪರೀಕ್ಷೆಗೊಳಗಾಯಿತು. ಅನಿಲ ಲೇಸರಿನ ಆವರ್ತಾಂಕವನ್ನು ರೋಹಿತರೇಖೆಯ ನಡುವಿಗೆ ತಂದಾಗ ತೀವ್ರತೆಯು ಗರಿಷ್ಠವಾಗುವುದೆಂದು ಯಾರಾದರೂ ಊಹಿಸುವರು. ಅಲ್ಲಿ ತಗ್ಗು ಕಾಣಬಹುದೆಂದು ಲೆಕ್ಕ ಹೇಳಿತು. ಕಾರಣವಿಷ್ಟೆ: ಕನ್ನಡಿಗಳ ನಡುವೆ ಎದುರುಬದುರಾಗಿ ಸಾಗುವ ಎರಡು ತರಂಗಗಳು, ಡಾಪ್ಲರ್ ಪರಿಣಾಮದಿಂದಾಗಿ, ನಡುವಿನಿಂದ ದೂರದಲ್ಲಿ ಬೇರೆ ಬೇರೆ ವೇಗದ ಪರಮಾಣುಗಳಿಂದ ಶಕ್ತಿ ಪಡೆಯುತ್ತವೆ, ನಡುವಿನಲ್ಲಿ ಎರಡೂ ಒಂದೇ ಗುಂಪನ್ನು ಆಶ್ರಯಿಸಬೇಕಾಗುತ್ತದೆ. ಮೆಕ್‌ಫಾರ್ಲೇನ್, ಬೆನೆಟ್ ಮತ್ತು ಲ್ಯಾಂಬ್ 1963ರಲ್ಲಿಯೇ ಈ ತಗ್ಗನ್ನು ಪ್ರಯೋಗದಿಂದ ದೃಢಪಡಿಸಿದ್ದರು. ಅದಕ್ಕೆ ಲ್ಯಾಂಬರ ಹೆಸರೇ ನಿಂತಿದೆ.

ಆದರೂ ಬೆಳಕನ್ನು ಕೇವಲ ಕ್ಷೇತ್ರವೆಂದು ಭಾವಿಸಿದ ಈ ಸಿದ್ಧಾಂತಕ್ಕೆ ಒಂದು ಎಲ್ಲೆಯಿತ್ತು. ಕತ್ತಲೆಯಿಂದ ಮೊದಲ ಕಿರಣವು ಮೂಡುವ ಬಗೆಯನ್ನೂ ಲೇಸರಿನ ಅಂತರ್ಗತ ಚಾಂಚಲ್ಯವನ್ನೂ ಅದು ವಿವರಿಸಲಾರದು. ಅದಕ್ಕಾಗಿ ಬೆಳಕಿಗೂ ಕ್ವಾಂಟಂ ನಿಯಮಗಳನ್ನು ಅನ್ವಯಿಸಿದ ಸಿದ್ಧಾಂತವನ್ನು ಸ್ಕಲ್ಲಿ ಮತ್ತು ಲ್ಯಾಂಬ್ 1967ರಲ್ಲಿ ಪ್ರಕಟಿಸಿದರು.

ಸ್ಥಿರವೆಂದು ತೋರುವುದರ ಅಂತರಂಗವನ್ನು ಕೆದಕಿದ ಫಲವಾಗಿ ಆ ಕಿರಿದಾದ ತಗ್ಗು ದೊರೆಯಿತು. ಮುಂದೆ ಲೇಸರುಗಳ ಆವರ್ತಾಂಕವನ್ನು ನಿಲ್ಲಿಸುವುದಕ್ಕೆ ಅದೇ ಗುರುತುಗೂಟವಾಯಿತು. ತೀವ್ರತೆಯ ಕೊರತೆಯೇ ಅಳತೆಯ ಆಧಾರವಾದ ಈ ಪ್ರಸಂಗವು ವಿದ್ಯಾರ್ಥಿಗಳ ಮನನಕ್ಕೆ ಯೋಗ್ಯವೆಂದು ನಾವು ಭಾವಿಸುತ್ತೇವೆ.