ಹಸಿ ಹಾಳೆಯ ಕಥೆ

ಕುಂಬಾರರ ಆವಿಗೆ ನೋಡಿದವರಿಗೆ ಗೊತ್ತು, ಸುಡದ ಮಡಕೆಗೆ ನಾವು ‘ಹಸಿ ಮಡಕೆ’ ಅಂತೀವಿ. ಇಂಗ್ಲಿಷಿನವರೂ ಸುಡದ ಪಿಂಗಾಣಿಗೆ ‘ಗ್ರೀನ್’ ಅಂತಲೇ ಅನ್ನುತ್ತಾರೆ. ಡ್ಯುಪಾಂಟ್ ಕಂಪನಿ ಹೊರತಂದಿದ್ದ ‘ಗ್ರೀನ್ ಟೇಪ್’ ಹೆಸರು ಕೇಳಿ ಹಸಿರು ಹಾಳೆ ಅಂದುಕೊಂಡಿರಾ? ಅದರ ಹೆಸರಾಂತ 951 ಟೇಪಿನ ಬಣ್ಣ ನೀಲಿ! :-)

ಈ ಹಾಳೆಯ ಮೂಲ ಇರೋದು ಎರಡನೇ ಮಹಾಯುದ್ಧದ ಕಾಲದಲ್ಲಿ. ರೇಡಿಯೋ ಕೆಪಾಸಿಟರುಗಳಿಗೆ ಅಭ್ರಕ, ಅಂದರೆ ನಮ್ಮ ಕಾಗೆಬಂಗಾರ ಬೇಕಿತ್ತು. ಒಳ್ಳೆಯ ಅಭ್ರಕ ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ. ಯುದ್ಧದಲ್ಲಿ ಅದರ ಕೊರತೆಯ ಭಯ ಹುಟ್ಟಿತು. ಬದಲಿ ಹುಡುಕಿದವರಲ್ಲಿ ಗ್ಲೆನ್ ಹೊವಾಟ್ ಒಬ್ಬ. ಪಿಂಗಾಣಿ ಪುಡಿಯನ್ನು ಅಂಟಿನ ದ್ರಾವಣದಲ್ಲಿ ಕಲಸಿ, ದೋಸೆಹಿಟ್ಟಿನ ಹಾಗೆ ತೆಳ್ಳಗೆ ಎಳೆದು ಒಣಗಿಸುವ ಉಪಾಯ ಆತನದು. 1947ರಲ್ಲಿ ಪ್ರಬಂಧ, 1952ರಲ್ಲಿ ಪೇಟೆಂಟ್.

ಆಮೇಲೆ ಕಂಪ್ಯೂಟರಿನವರು ಇದನ್ನು ಹಿಡಿದರು. 1980ರ ಐಬಿಎಂ 3081ರಲ್ಲಿ ಇಂಥ 33 ಪದರಗಳ ಪಿಂಗಾಣಿ ಹಲಗೆ ಇತ್ತು. ಆದರೆ ಶುದ್ಧ ಅಲ್ಯೂಮಿನಾ ಸುಡಲು 1500 ಡಿಗ್ರಿಗೂ ಮೇಲೆ ಹೋಗಬೇಕು, ಅಷ್ಟರಲ್ಲಿ ಬೆಳ್ಳಿ ಕರಗಿ ಹರಿದಿರುತ್ತದೆ. ಮಾಲಿಬ್ಡಿನಮ್ಮೇ ಗತಿ. ಗಾಜಿನ ಪುಡಿ ಬೆರೆಸಿದಾಗ ಸುಮಾರು 850 ಡಿಗ್ರಿ ಸಾಕಾಯಿತು, ಒಳಗೆ ಬೆಳ್ಳಿ, ಚಿನ್ನದ ತಂತಿ ಎಳೆಯೋದು ಸಾಧ್ಯವಾಯಿತು.

ಇತ್ತ 1990ರಲ್ಲಿ ಬಾಸೆಲ್‌ನ ಸೀಬಾ-ಗೈಗಿಯಲ್ಲಿದ್ದ ಆಂಡ್ರಿಯಾಸ್ ಮಾನ್ಜ್ ಮತ್ತು ಜೊತೆಗಾರರು ಇಡೀ ರಸಾಯನ ಪ್ರಯೋಗಾಲಯವನ್ನೇ ಚಿಕ್ಕ ಚಿಪ್ಪಿನಲ್ಲಿಡುವ ಕಲ್ಪನೆ ಮುಂದಿಟ್ಟರು. ಎಲ್ಲರ ಕಣ್ಣು ಸಿಲಿಕಾನ್ ಮೇಲೆ, ಗಾಜಿನ ಮೇಲೆ. ಪದರದೊಳಗೆ ತಂತಿ ಹೋಗುತ್ತದಾದರೆ ನೀರು ಯಾಕೆ ಹೋಗಬಾರದು ಅಂತ ಕೇಳಿದವರು ಕೆಲವರೇ. ಬ್ರೆಜಿಲ್‌ನ ಮಾರಿಯೋ ಗೊಂಗೊರಾ-ರೂಬಿಯೋ, ಪೆನ್ಸಿಲ್ವೇನಿಯಾದ ಹೋರ್ಹೆ ಸಾಂತಿಯಾಗೊ-ಅವಿಲೆಸ್ ಮುಂತಾದವರು 2001ರಲ್ಲಿ ಬರೆದ ಸಮೀಕ್ಷೆ ಈ ದಾರಿಯ ದೊಡ್ಡ ಮೈಲಿಗಲ್ಲು. ದುಬಾರಿ ಕ್ಲೀನ್‌ರೂಮ್ ಬೇಡ. ಹಾಳೆಗೆ ತೂತು ಕೊರೆ, ತಂತಿಯನ್ನು ಸ್ಕ್ರೀನ್ ಪ್ರಿಂಟ್ ಮಾಡು, ಒಂದರ ಮೇಲೊಂದು ಒತ್ತು, ಸುಡು. ನನಗಂತೂ ಇದರಲ್ಲಿ ಕಾಣೋದು ಬಡ ಪ್ರಯೋಗಾಲಯಗಳ ಬುದ್ಧಿವಂತಿಕೆ.

ತೊಂದರೆ ಇದ್ದದ್ದು ಕಾಲುವೆಯಲ್ಲಿ. ಹಾಳೆಗಳನ್ನು ಬಿಸಿಮಾಡಿ ಒತ್ತುವಾಗ ಟೊಳ್ಳು ಜಾಗದ ಮೇಲಿನ ಚಾವಣಿ ಜೋತುಬೀಳುತ್ತಿತ್ತು. ಮೆಲ್ಲಗೆ ಒತ್ತಿದರೆ ಪದರಗಳು ಅಂಟದೆ ಸೋರಿಕೆ. ಕಾಲುವೆಯೊಳಗೆ ಇಂಗಾಲದ ಪೇಸ್ಟ್ ತುಂಬಿ, ಸುಡುವಾಗ ಅದು ಉರಿದು ಮಾಯವಾಗುವಂತೆ ಮಾಡಿದರು. ಇಲ್ಲೂ ಹದ ತಪ್ಪಬಾರದು: ಇಂಗಾಲ ಪೂರ್ತಿ ಉರಿಯುವ ಮೊದಲೇ ಗಾಜು ಕರಗಿ ರಂಧ್ರ ಮುಚ್ಚಿಕೊಂಡರೆ, ಒಳಗಿನ ಅನಿಲ ಹಲಗೆಯನ್ನು ಪೂರಿಯಂತೆ ಉಬ್ಬಿಸುತ್ತದೆ. ಸಾಲದ್ದಕ್ಕೆ 951 ಹಾಳೆ ಸುಟ್ಟಾಗ ಉದ್ದಗಲದಲ್ಲಿ ಸುಮಾರು 13%, ದಪ್ಪದಲ್ಲಿ 15% ಕುಗ್ಗುತ್ತದೆ. ಅದನ್ನು ಲೆಕ್ಕ ಹಾಕಿಯೇ ನಕ್ಷೆ ಬರೆಯಬೇಕು. ಕುಂಬಾರನಿಗೆ ಇದು ಕೈಯಂದಾಜು ಬಿಡಿ.

2006ರಲ್ಲಿ ಬಾರ್ಸಿಲೋನಾದ ಹೂಲಿಯಾನ್ ಅಲೊನ್ಸೊ ತಂಡ, ಗೊಂಗೊರಾ-ರೂಬಿಯೋ ಜೊತೆ ಸೇರಿ, ಹರಿಯುವ ದ್ರವದಲ್ಲಿ ಅಯಾನುಗಳನ್ನು ಅಳೆಯುವ ಎಲೆಕ್ಟ್ರೋಡನ್ನು ಇಂಥ ಸಾಧನದೊಳಗೇ ಕೂರಿಸಿ ತೋರಿಸಿತು.

ಆದರೂ ಹೆಚ್ಚಿನ ಪ್ರಯೋಗಾಲಯಗಳು ಹೋದದ್ದು 1998ರಿಂದ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ ಜನಪ್ರಿಯಗೊಳಿಸಿದ ಸಿಲಿಕೋನ್ ರಬ್ಬರಿನ ಕಡೆಗೆ. ಅಚ್ಚಿಗೆ ಸುರಿದರೆ ಆಯಿತು, ಮೇಲಾಗಿ ಪಾರದರ್ಶಕ. ಪಿಂಗಾಣಿಯಲ್ಲಿ ಗಾಳಿಗುಳ್ಳೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಬೇಕೆಂದರೆ ಗಾಜಿನ ಕಿಟಕಿಯನ್ನೇ ಇಡಬೇಕು. ಇನ್ನು ಎಲೆಕ್ಟ್ರೋಡಿನ ಪಾಲಿಮರ್ ಪೊರೆ 850 ಡಿಗ್ರಿ ತಡೆಯುವುದಿಲ್ಲವಲ್ಲ, ಅದನ್ನು ಹಾಕೋದು ಕುಲುಮೆಯಿಂದ ಹೊರಬಂದ ಮೇಲೆಯೇ.